ಎರಡು ತುಂಬುವ ಮೊದಲು ಒಮ್ಮೆ ಊರಿಗೆ

ಕೂಸು ಬೋರಲು ಬಿದ್ದಿತು, ಕೂತಿತು, ನಿಂತಿತು, ಹೆಜ್ಜೆ ಇಟ್ಟಿತು ಎಂದು ಮನೆಮಂದಿ ತಿಂಗಳು ಎಣಿಸುತ್ತಾರೆ. ವಿಮಾನ ಕಂಪನಿಗಳಿಗೆ ಬೇಕಾದದ್ದು ಎರಡನೆಯ ಹುಟ್ಟುಹಬ್ಬದ ತಾರೀಖು ಮಾತ್ರ. ಅಲ್ಲಿಯವರೆಗೆ ಮಗು ತಾಯಿಯ ತೊಡೆಯ ಮೇಲೆ ಕೂತು ಬರಬಹುದು. ವಿದೇಶದ ಮಾರ್ಗಗಳಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇಕಡಾ 10ರಷ್ಟು ಹಿಡಿಯುತ್ತಾರೆ, ತೆರಿಗೆ ಬೇರೆ. ಎರಡು ತುಂಬಿತೋ, ಸ್ವಂತ ಸೀಟು ಬೇಕೇ ಬೇಕು. ದರವೂ ದೊಡ್ಡವರ ದರದ ಹತ್ತಿರಕ್ಕೆ ಹೋಗುತ್ತದೆ, ಕೆಲವು ಕಡೆ ಪೂರ್ತಿಯೇ ಆಗುತ್ತದೆ. ಹೋಗುವಾಗ ಎರಡು ತುಂಬಿರದೆ, ಬರುವಷ್ಟರಲ್ಲಿ ತುಂಬಿದರೆ ಬರುವ ದಾರಿಗೆ ಸೀಟಿನ ರೊಕ್ಕ ಕಟ್ಟಬೇಕು. ಹೊರದೇಶದಲ್ಲಿ ಸಣ್ಣ ಕೂಸು ಕಟ್ಟಿಕೊಂಡು ದುಡಿಯುವ ನಮ್ಮ ಕಡೆಯ ಮನೆಗಳಿಗೆ ಇದು ಗೊತ್ತಿರಬೇಕಾದ ಮೊದಲ ಲೆಕ್ಕ.

ನಾನು ನರಗುಂದದವಳು, ಕೊಟ್ಟದ್ದು ರೋಣಕ್ಕೆ, ಸಂಸಾರ ದುಬೈನಲ್ಲಿ. ಮನೆಯ ಜಮಾಖರ್ಚು ಬರೆಯುವವಳು ನಾನೇ. ಮಗಳು ಹುಟ್ಟಿದ ಮೇಲೆ ಹಾಲು, ಡೈಪರ್, ಔಷಧದ ಖರ್ಚು ಬರುತ್ತದೆಂದು ಮೊದಲೇ ಗೊತ್ತಿತ್ತು. ನಿರೀಕ್ಷೆ ಮೀರಿ ಬೆಳೆದದ್ದು ವಾರದ ರಜೆಯ ತಿರುಗಾಟದ ಖರ್ಚು. ವಾರವೆಲ್ಲ ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನೂ ಕೂಸೂ ಇಬ್ಬರೇ. ಯಜಮಾನರು ಮನೆಗೆ ಬರುವಷ್ಟರಲ್ಲಿ ಅವಳು ಮಲಗಿರುತ್ತಿದ್ದಳು. ರಜೆ ಬಂತೆಂದರೆ ಹೊರಗೆ ಹೋಗಲೇಬೇಕು ಅನ್ನಿಸುತ್ತಿತ್ತು, ಅದರಲ್ಲಿ ತಪ್ಪೇನೂ ಇಲ್ಲ.

ಯುಎಇಯಲ್ಲಿ 2022ರ ಜನವರಿ 1ರಿಂದ ಸರ್ಕಾರಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾಯಿತು. ಶುಕ್ರವಾರ ಅರ್ಧ ದಿನ ಕೆಲಸ. ಬಹುಪಾಲು ಖಾಸಗಿ ಕಚೇರಿಗಳೂ ಅದನ್ನೇ ಹಿಡಿದವು. ಆದರೆ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹಗಲಿನಲ್ಲಿ ಕೂಸನ್ನು ಬಯಲಿಗೆ ಬಿಡುವ ಹಾಗಿಲ್ಲ, ಬಿಸಿಲು ಅಂಥದ್ದು. ಹಾಗಾಗಿ ಎಲ್ಲರ ಕಾಲೂ ಮಾಲ್ ಕಡೆಗೇ. ಟ್ಯಾಕ್ಸಿ, ಮಕ್ಕಳ ಆಟದ ಕೋಣೆಯ ಟಿಕೆಟ್, ಮೂವರ ಊಟ ಸೇರಿದರೆ ಒಂದು ಸಲಕ್ಕೆ ನಮಗೆ 200 ದಿರ್ಹಂ ಖರ್ಚು. ದಿರ್ಹಂಗೆ 23 ರೂಪಾಯಿ ಹಿಡಿದರೂ 4,600 ರೂಪಾಯಿ. ತಿಂಗಳಿಗೆ ನಾಲ್ಕು ಸಲ ಎಂದರೆ 18 ಸಾವಿರ ದಾಟಿತು, ವರ್ಷಕ್ಕೆ 2 ಲಕ್ಷ 20 ಸಾವಿರ. ರೋಣದಲ್ಲಿ ಇಷ್ಟು ರೊಕ್ಕ ಕಾಣಬೇಕಾದರೆ ಯರಿ ಹೊಲದಲ್ಲಿ ಹೆಸರು, ಕಡಲೆ ಎರಡೂ ಕೈಹಿಡಿಯಬೇಕು.

ಇಷ್ಟು ಕೊಟ್ಟು ಒಳಗೆ ಹೋದಾಗ ಮಗಳು ಏನು ನೋಡುತ್ತಾಳೆ ಎಂದು ಗಮನಿಸತೊಡಗಿದೆ. ಬಣ್ಣದ ಗೊಂಬೆಗಳ ನಡುವೆ ಬಿಟ್ಟರೆ ಅವಳು ಬಾಗಿಲ ಹೊರಗಿನ ಮೆಟ್ಟಿಲಿಗೆ ಓಡಿ ಬರುವಳು. ಒಂದು ಮೆಟ್ಟಿಲು ಹತ್ತಬೇಕು, ಇಳಿಯಬೇಕು, ಮತ್ತೆ ಹತ್ತಬೇಕು. ಆ ವಯಸ್ಸಿನ ಮಕ್ಕಳಿಗೆ ಮೈಗೂಡುತ್ತಿರುವ ವಿದ್ಯೆಯೇ ಅದು. ಹತ್ತುವುದು, ಸುರಿಯುವುದು, ತುಂಬುವುದು, ಹೆಸರು ಹಿಡಿದು ಕರೆದರೆ ತಿರುಗುವುದು, ಬೆರಳು ಮಾಡಿ ತೋರಿಸುವುದು. ಇದಕ್ಕೆಲ್ಲ ಟಿಕೆಟ್ ಬೇಕಿಲ್ಲ.

ಅಲ್ಲಿಂದ ನಮ್ಮ ರಜೆಯ ದಿನಗಳು ಬದಲಾದವು. ಚಳಿಗಾಲದಲ್ಲಿ ಜಬೀಲ್ ಪಾರ್ಕ್, ದೊಡ್ಡವರಿಗೆ 5 ದಿರ್ಹಂ. ರಾಸ್ ಅಲ್ ಖೋರ್‌ನಲ್ಲಿ ರಾಜಹಂಸಗಳ ಹಿಂಡು ನೋಡಲು ದುಡ್ಡೇ ಇಲ್ಲ. ಮೆಟ್ರೋದಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ದೇರಾದಿಂದ ಬರ್ ದುಬೈಗೆ ಖಾರಿ ದಾಟುವ ಅಬ್ರಾ, ಕಟ್ಟಿಗೆಯ ದೋಣಿ. ತಲೆಗೆ 1 ದಿರ್ಹಂ. ಅಪ್ಪನ ಎದೆಗೆ ಆತುಕೊಂಡು, ನೀರು ಸಿಡಿದಾಗಲೆಲ್ಲ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ದಡ ಮುಟ್ಟಿದ ಕೂಡಲೇ ದೋಣಿಯ ಕಡೆ ಕೈ ಮಾಡಿ ‘ಮತ್ತ’ ಎಂದಳು. ಸ್ಪಷ್ಟವಾಗಿ ಆಡಿದ ಮೊದಲ ಮಾತುಗಳಲ್ಲಿ ಅದೂ ಒಂದು. ನಾವು ಅದೇ ದೋಣಿಯಲ್ಲಿ ವಾಪಸ್ಸು ಬಂದೆವು.

ಹೀಗೆ ಉಳಿದ ರೊಕ್ಕ ಕೈಯಲ್ಲಿದ್ದರೆ ಕರಗುತ್ತದೆ. ನಾನು ಅದಕ್ಕೊಂದು ಬೇರೆ ಖಾತೆ ಇಟ್ಟೆ, ‘ಊರಿನ ಖಾತೆ’. ತಿರುಗಾಟಕ್ಕೆಂದು ಎತ್ತಿಟ್ಟ 200 ದಿರ್ಹಂನಲ್ಲಿ 100 ಮೀರಿ ಖರ್ಚು ಮಾಡುವಂತಿಲ್ಲ, ಉಳಿದ 100 ಅಂದು ರಾತ್ರಿಯೇ ಆ ಖಾತೆಗೆ. ತಿಂಗಳಿಗೆ 400, ಹತ್ತು ತಿಂಗಳಿಗೆ 4,000 ದಿರ್ಹಂ. ಸೀಜನ್ ಅಲ್ಲದ ಹೊತ್ತಿನಲ್ಲಿ ನಮ್ಮ ಮೂವರ ಬೆಂಗಳೂರಿನ ಹೋಗಿಬರುವ ಟಿಕೆಟ್, ಅಲ್ಲಿಂದ ಗದಗಿನ ರೈಲು ಎರಡೂ ಅದರೊಳಗೆ ಮುಗಿದವು.

‘ಸೀಜನ್ ಅಲ್ಲದ ಹೊತ್ತು’ ಎಂಬ ಮಾತಿಗೆ ಬೆಲೆಯಿದೆ. ಗಲ್ಫ್‌ನಲ್ಲಿ ಟಿಕೆಟ್ ದರ ಏರುವುದು ಶಾಲೆಗಳ ರಜೆ ಬಂದಾಗ: ಜುಲೈ, ಆಗಸ್ಟ್ ಮತ್ತು ಡಿಸೆಂಬರ್ ಕೊನೆ. ಶಾಲೆಗೆ ಹೋಗದ ಕೂಸಿನ ಮನೆಯವರು ಆ ನೂಕುನುಗ್ಗಲಿಗೆ ಸೇರಬೇಕಾಗಿಲ್ಲ. ನಾಲ್ಕು ವರ್ಷ ತುಂಬಿ ಕೆಜಿಗೆ ಸೇರಿಸಿದ ಮೇಲೆ ಈ ಅನುಕೂಲ ಹೋಗಿಯೇ ಹೋಗುತ್ತದೆ. ನಾವು ಜನವರಿ ಆರಿಸಿಕೊಂಡೆವು. ಊರಲ್ಲಿ ಆಗ ಚಳಿ ಹಿತವಾಗಿರುತ್ತದೆ, ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ, ಕಡಲೆ ಕಾಯಿಕಟ್ಟಿರುತ್ತದೆ.

ಒಂದು ಖರ್ಚಿಗೆ ಮಾತ್ರ ಕತ್ತರಿ ಹಾಕಲಿಲ್ಲ, ಅದು ವೈದ್ಯರದು. ಲಸಿಕೆಗೆ ಹೋದಾಗಲೆಲ್ಲ ಮಗುವಿನ ನಡೆ, ನುಡಿ, ನೋಟದ ಬಗ್ಗೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ಸಮಯ ಕೊಡಬೇಕು. ಅನುಮಾನ ಇದ್ದರೆ ‘ತಡವಾಗಿ ಮಾತು ಬರ್ತದ, ಅವರಪ್ಪನೂ ಹಂಗ ಇದ್ದ’ ಎಂದು ಸಮಾಧಾನ ಮಾಡಿಕೊಳ್ಳದೆ ಪರೀಕ್ಷೆ ಮಾಡಿಸಬೇಕು. ಎರಡು ವರ್ಷದ ಮಗುವಿಗೆ ಪರದೆಯ ಮುಂದೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಅದಕ್ಕಿಂತ ಸಣ್ಣ ಕೂಸಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇಬ್ಬರೇ ಇರುವ ಫ್ಲ್ಯಾಟಿನಲ್ಲಿ ಅದನ್ನು ಪಾಲಿಸುವುದು ಎಷ್ಟು ಕಷ್ಟವೆಂದು ಪರದೇಶದಲ್ಲಿರುವ ತಾಯಂದಿರಿಗೆ ಗೊತ್ತು. ಪಾರ್ಕಿನ ಖರ್ಚನ್ನು ನಾನು ಆ ಲೆಕ್ಕಕ್ಕೂ ಬರೆಯುತ್ತೇನೆ.

ದುಬೈನಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ, ಬೋಟಿಮ್‌ನಂಥ ಆ್ಯಪ್ ಬೇಕು. ಮಗಳು ಅಡುಗೆಮನೆಯಲ್ಲಿ ಮೊದಲ ಹೆಜ್ಜೆ ಇಟ್ಟದ್ದನ್ನು ಅತ್ತಿ ನೋಡಿದ್ದು ಹಾಗೆ, ಅಂಗೈಯಗಲದ ಗಾಜಿನಲ್ಲಿ. ‘ಹೊಸ್ತಲಾ ದಾಟ್ಯಾಳೇನವಾ?’ ಎಂದು ಕೇಳಿದರು. ಫ್ಲ್ಯಾಟಿಗೆ ಹೊಸ್ತಿಲೆಂಬುದೇ ಇಲ್ಲ. ಟೈಲ್ಸ್ ನೆಲ ಹೊರಗಿನ ಕಾರಿಡಾರಿನವರೆಗೆ ಒಂದೇ ಸಮ ಹರಿದಿರುತ್ತದೆ. ಜನವರಿಯಲ್ಲಿ ರೋಣದ ಮನೆ ಮುಂದೆ ಇಳಿಸಿದಾಗ ಅವಳು ಕಟ್ಟಿಗೆಯ ಹೊಸ್ತಿಲ ಮುಂದೆ ನಿಂತುಬಿಟ್ಟಳು. ಸರಾಗವಾಗಿ ಓಡಾಡುವ ಹುಡುಗಿ ಕೂತು, ಎರಡೂ ಕೈ ಅದರ ಮೇಲೆ ಊರಿ, ಹೊಟ್ಟೆಯನ್ನು ಅಡ್ಡ ಹಾಕಿ, ಒಂದು ಕಾಲು ಎಳೆದುಕೊಂಡು ಒಳಗೆ ಉರುಳಿದಳು. ಕುಂಕುಮ ಅಂಗಿಗೆ ಮೆತ್ತಿತು. ಅತ್ತಿ ಆಗಲೇ ಕಾಯಿ ತಂದು ಹೊಸ್ತಿಲಿಗೆ ಒಡೆದರು. ‘ನಡದದ್ದು ಅಲ್ಲೇ ಆಗಿರ್ಲಿ, ಹೊಸ್ತಲಾ ದಾಟಿದ್ದು ನಮ್ಮನ್ಯಾಗ ಆತು’ ಎಂದರು. ಹತ್ತು ತಿಂಗಳು ಕೂಡಿಟ್ಟ ರೊಕ್ಕ ಸಾರ್ಥಕವಾಯಿತೆಂದು ನನಗೆ ಅನ್ನಿಸಿದ್ದು ಅಲ್ಲಿ.

ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಡಬು, ಚಟ್ನಿ, ಮೊಸರನ್ನದ ಬುಟ್ಟಿ ಕಟ್ಟಿಕೊಂಡು ಮನೆಮಂದಿ, ಓಣಿಯ ಮಂದಿ ಎಲ್ಲ ಕೂಡಿ ಹೋಗುವುದು ನಮ್ಮ ಸೀಮೆಯ ಅತಿ ದೊಡ್ಡ ಕುಟುಂಬ ಪ್ರವಾಸ. ಮಗಳು ಯರಿ ಮಣ್ಣಿನ ಹೆಂಟೆಯೊಂದನ್ನು ಹಿಡಿದು ಊಟ ಮುಗಿಯುವವರೆಗೂ ಬಿಡಲಿಲ್ಲ. ಕಡ್ಲಿ ಸುಲಗಾಯಿ ಸುಲಿದು ಬಾಯಿಗಿಟ್ಟರೆ ಹುಳಿಗೆ ಮುಖ ಕಿವುಚಿ ಮತ್ತೆ ಬಾಯಿ ತೆರೆಯುತ್ತಿದ್ದಳು.

ಉಳಿದ ತಿರುಗಾಟಕ್ಕೂ ಹೆಚ್ಚು ಹತ್ತಲಿಲ್ಲ. ರೋಣದಿಂದ ಗಜೇಂದ್ರಗಡದ ಕಡೆ ಇರುವ ಸೂಡಿಗೆ ಒಂದು ದಿನ ಹೋದೆವು. ರೊಕ್ಕದ ಬಗ್ಗೆ ಬರೆಯುವವರೆಲ್ಲ ಒಮ್ಮೆ ನೋಡಬೇಕಾದ ಊರದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಲಕ್ಕುಂಡಿಯ ಹಾಗೆ ಸೂಡಿಯಲ್ಲೂ ಟಂಕಸಾಲೆ ಇತ್ತು. ಹೊನ್ನಿನ ನಾಣ್ಯ ಅಚ್ಚಾಗುತ್ತಿದ್ದ ಊರು. ಚಾಲುಕ್ಯ ಮನೆತನದ ಅಕ್ಕಾದೇವಿ ಆಳಿದ ಸೀಮೆಯೂ ಇದೇ. ನಾಗಕುಂಡದ ಮೆಟ್ಟಿಲುಗಳ ಮೇಲೆ ಮಗಳ ಹತ್ತಿಳಿಯುವ ಆಟ ಮತ್ತೆ ಶುರುವಾಯಿತು, ಮುತ್ಯಾ ಅವಳ ಕೈ ಹಿಡಿದು ಎಣಿಸುತ್ತಿದ್ದರು. ಬಾದಾಮಿ ಗುಹೆಗಳಿಗೆ, ಪಟ್ಟದಕಲ್ಲಿಗೆ ಹೋದರೂ ಪುರಾತತ್ವ ಇಲಾಖೆಯ ತಾಣಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಪ್ರಾಣಿ ತೋರಿಸಬೇಕೆಂದರೆ ಗದಗಿನ ಪಕ್ಕದ ಬಿಂಕದಕಟ್ಟಿಯಲ್ಲಿ ಮೃಗಾಲಯವಿದೆ.

ಜವಳ ತೆಗೆಸಿದ್ದು ಗಜೇಂದ್ರಗಡದ ಕಾಲಕಾಲೇಶ್ವರನ ಸನ್ನಿಧಿಯಲ್ಲಿ. ಮೆಟ್ಟಿಲು ಹತ್ತಿ, ಅಂತರಗಂಗೆಯ ನೀರು ತಲೆಗೆ ಚಿಮುಕಿಸಿ, ಸೋದರಮಾವನ ತೊಡೆಯ ಮೇಲೆ ಕೂರಿಸಿದಾಗ ಅತ್ತು ರಂಪ ಮಾಡಿದಳು. ಆಮೇಲೆ ಬೋಳುತಲೆಯನ್ನು ತಾನೇ ಸವರಿಕೊಂಡು ಸುಮ್ಮನಾದಳು. ಊಟಕ್ಕೆ ಇಡೀ ಬಳಗವನ್ನು ಕರೆಯಬೇಕೆಂಬ ಮಾತು ಬಂದಿತ್ತು. ದುಬೈನಿಂದ ಬಂದವರು ಎಂದರೆ ಮಂದಿಯ ನಿರೀಕ್ಷೆಯೂ ದೊಡ್ಡದು. ನಾನು, ಯಜಮಾನರು ಕೂತು ಮಾತಾಡಿ, ಎರಡೂ ಮನೆಯ ಹತ್ತಿರದವರಿಗಷ್ಟೇ ಮಾಡಿದೆವು. ಇದರಿಂದ ಯಾರ ಮರ್ಯಾದೆಯೂ ಕಡಿಮೆಯಾಗಲಿಲ್ಲ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಕಾರ್ಯದಲ್ಲಿ ಬಂದ ಮುಯ್ಯಿಯನ್ನು ಕೂಸಿನ ಆಸ್ತಿ ಎಂದು ತಿಳಿದು ಬ್ಯಾಂಕಿಗೆ ಕಟ್ಟುವವರಿದ್ದಾರೆ. ಮುಯ್ಯಿ ತಿರುಗಿ ಕೊಡಬೇಕಾದ ರೊಕ್ಕ. ನಾಳೆ ಅವರ ಮನೆಯ ಮದುವೆಗೆ, ತೊಟ್ಟಿಲಿಗೆ ಅದು ಹೋಗಲೇಬೇಕು. ನಾವು ಯಾರದೆಷ್ಟು ಎಂದು ಪುಸ್ತಕದಲ್ಲಿ ಬರೆದು, ಆ ಮೊತ್ತವನ್ನು ಅತ್ತಿಯ ಕೈಗೆ ಕೊಟ್ಟು ಬಂದೆವು. ಅಜ್ಜ ಅಜ್ಜಿಯರು ಮೊಮ್ಮಗಳ ಕೈಯಲ್ಲಿಟ್ಟದ್ದು ಮಾತ್ರ ಅವಳದು.

ಆ ರೊಕ್ಕವನ್ನು ಎಲ್ಲಿಡುವುದು? ನರಗುಂದದಲ್ಲಿ ಅಪ್ಪ ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆಯಲು ಸಿದ್ಧವಾಗಿಯೇ ಕೂತಿದ್ದರು. 2015ರಲ್ಲಿ ಶುರುವಾದ ಈ ಯೋಜನೆ ಊರಲ್ಲಿರುವ ಹೆಣ್ಣುಮಕ್ಕಳಿಗೆ ಚೆನ್ನಾಗಿದೆ, ಆದರೆ ಅನಿವಾಸಿ ಮಗುವಿನ ಹೆಸರಲ್ಲಿ ತೆರೆಯುವಂತಿಲ್ಲ. ಅನಿವಾಸಿಗಳು ಪಿಪಿಎಫ್ ಖಾತೆಯನ್ನೂ ಹೊಸದಾಗಿ ತೆರೆಯುವಂತಿಲ್ಲ. ‘ನನ್ನ ಮೊಮ್ಮಗಳು ನರಗುಂದದಾಕಿ ಅಲ್ಲೇನು?’ ಎಂದು ಅಪ್ಪ ನೊಂದುಕೊಂಡರು. ವಿದೇಶದ ವಿಳಾಸ ಮುಚ್ಚಿಟ್ಟು ಖಾತೆ ತೆರೆದರೆ ನಾಳೆ ತೊಂದರೆ ಮಗುವಿಗೇ ಎಂದು ತಿಳಿಸಿ ಹೇಳಿದೆ. ಉಳಿದ ದಾರಿಗಳಿವೆ. ಊರಲ್ಲಿ ಸಿಕ್ಕ ರೂಪಾಯಿ ಎನ್‌ಆರ್‌ಒ ಖಾತೆಗೆ ಹೋಗಬೇಕು, ಹೊರಗೆ ದುಡಿದು ಕಳಿಸಿದ್ದು ಎನ್‌ಆರ್‌ಇಗೆ. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಆದರೆ ವರ್ಷ ತುಂಬುವ ಮೊದಲು ಮುರಿದರೆ ಬಡ್ಡಿಯೂ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಎನ್‌ಪಿಎಸ್ ವಾತ್ಸಲ್ಯ ಎಂಬ ಪಿಂಚಣಿ ಯೋಜನೆ ಅನಿವಾಸಿ ಮಕ್ಕಳಿಗೂ ತೆರೆದಿದೆ. ಅಜ್ಜಂದಿರು ಏನಾದರೂ ಕಟ್ಟಲೇಬೇಕು ಎಂದರೆ ಅದನ್ನು ವಿಚಾರಿಸಬಹುದು. ಅಪ್ಪ ಕೊಟ್ಟದ್ದನ್ನು ನಾನು ಸದ್ಯ ಠೇವಣಿಯಲ್ಲೇ ಇಟ್ಟಿದ್ದೇನೆ.

ಕಾಗದಪತ್ರದ ತಾರೀಖುಗಳನ್ನೂ ಅದೇ ಪುಸ್ತಕದಲ್ಲಿ ಬರೆದಿಡಿ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ಭಾರತದ ಪೌರತ್ವ ಬೇಕೆಂದರೆ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ಜನನ ನೋಂದಣಿ ಆಗಬೇಕು. ಮಕ್ಕಳ ಪಾಸ್‌ಪೋರ್ಟ್ ಬಾಳುವುದು ಐದೇ ವರ್ಷ.

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ನಮ್ಮ ಪಕ್ಕ ಒಬ್ಬ ತಾಯಿ ಕೂತಿದ್ದಳು, ಮಗಳ ವಯಸ್ಸಿನದೇ ಕೂಸು ಅವಳ ಮಡಿಲಲ್ಲಿ. ಗಂಡ ಹೆಂಡತಿ ಗಾರೆ ಕೆಲಸಕ್ಕೆ ಮಂಗಳೂರಿಗೆ ಹೊರಟಿದ್ದರು. ನರಗುಂದ, ರೋಣ, ಗಜೇಂದ್ರಗಡ ಈ ಮೂರೂ ತಾಲ್ಲೂಕುಗಳಿಂದ ಗೋವಾ, ಮಂಗಳೂರಿಗೆ ಹೀಗೆ ಹೋಗುವವರು ದುಬೈಗೆ ಹೋಗುವವರಿಗಿಂತ ಬಹಳ ಹೆಚ್ಚು. ಅವರ ಮಕ್ಕಳು ನಡೆ ಕಲಿಯುವುದು ಉಸುಕಿನ ಗುಡ್ಡೆಯ ಪಕ್ಕದಲ್ಲಿ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರ ಬಜೆಟ್‌ನಲ್ಲಿ ಹೇಳಿ ಶುರು ಮಾಡಿದೆ. ಊರಲ್ಲಿ ಕೆಲಸವೂ ಕೂಸಿನ ಮನೆಯೂ ಚೆನ್ನಾಗಿ ನಡೆದರೆ ಎಷ್ಟೋ ಕೂಸುಗಳು ಅಜ್ಜಿಯ ಕಣ್ಣೆದುರೇ ಬೆಳೆಯುತ್ತವೆ. ಪಂಚಾಯ್ತಿ ಸದಸ್ಯರು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಕು.

ಹೊರದೇಶದಲ್ಲಿರುವ ನಮ್ಮ ಸೀಮೆಯ ಅಕ್ಕ ತಂಗಿಯರಲ್ಲಿ ನನ್ನ ವಿನಂತಿ ಇಷ್ಟೇ. ನಿಮ್ಮ ಕೂಸಿಗೆ ಇನ್ನೂ ಎರಡು ತುಂಬಿಲ್ಲದಿದ್ದರೆ ಈ ವಾರವೇ ಒಂದು ಊರಿನ ಖಾತೆ ಇಡಿ, ಮುಂದಿನ ರಜೆಯ ಖರ್ಚಿನಲ್ಲಿ ಅರ್ಧ ಅದಕ್ಕೆ ಹಾಕಿ. ಟಿಕೆಟ್ ತೆಗೆಸುವಾಗ ಹೋಗುವ ದಿನದ ಜೊತೆಗೆ ಬರುವ ದಿನವೂ ಹುಟ್ಟುಹಬ್ಬಕ್ಕಿಂತ ಮೊದಲೇ ಇದೆಯೇ ಎಂದು ನೋಡಿಕೊಳ್ಳಿ.