ಉಳಿದ ದನಿಯನ್ನು ಮೊದಲು ಕೇಳು

ಹೊಸದಾಗಿ ನುಡಿಸಿದ್ದರ ಅಡಿಯಲ್ಲಿ ಹಳೆಯ ಹಾಡು ಮೆಲ್ಲಗೆ ಕೇಳಿಸುತ್ತಿದೆ ಅಂದೆಯಲ್ಲ ಮಗೂ, ಸ್ಕ್ರೂಡ್ರೈವರ್ ಕೆಳಗಿಡು. ಅಳಿಯದೆ ಉಳಿದ ಆ ದನಿಯನ್ನೇ ಮೊದಲು ಗಮನವಿಟ್ಟು ಕೇಳು. ಕೆಟ್ಟಿರುವುದು ಎಲ್ಲಿ ಎಂಬ ಸುಳಿವು ಅದರಲ್ಲೇ ಇರುತ್ತದೆ.

ನಿನ್ನ ಟಿಯಾಕ್ ಎ-3340ಎಸ್ ಕಾಲು ಇಂಚಿನ ಟೇಪಿನಲ್ಲಿ ನಾಲ್ಕು ಟ್ರ್ಯಾಕ್ ಬರೆಯುವ ಯಂತ್ರ. ಮೂರನೆಯದನ್ನು ಅಳಿಸುವಾಗ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಏನೂ ಆಗಬಾರದು. ಈ ಕಷ್ಟದ ಕೆಲಸವೆಲ್ಲ ಟೇಪು ಮೊಟ್ಟಮೊದಲು ದಾಟುವ ಎರೇಸ್ ಹೆಡ್ಡಿನದು. ಅದರೊಳಗಿನ ಕಾಂತಕ್ಷೇತ್ರ ಸೆಕೆಂಡಿಗೆ ಲಕ್ಷದ ಆಸುಪಾಸು ಸಲ ತಿರುಗುಮುರುಗಾಗುತ್ತದೆ. ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತಿದ್ದರೂ ಒಂದು ಆವರ್ತಕ್ಕೆ ಸರಿಯುವುದು 4 ಮೈಕ್ರಾನಿನಷ್ಟು ಮಾತ್ರ. ಹೀಗಾಗಿ ಹೆಡ್ ಬಿಟ್ಟು ದೂರವಾಗುವಾಗ ಟೇಪಿನ ಕಣಗಳು ಕ್ಷೀಣಿಸುತ್ತ ಹೋಗುವ ಕ್ಷೇತ್ರದಲ್ಲಿ ಮತ್ತೆ ಮತ್ತೆ ಹೊರಳಿ, ಯಾವ ದಿಕ್ಕಿಗೂ ವಾಲದೆ ನಿಲ್ಲುತ್ತವೆ. ಹೆಡ್ಡಿಗೂ ಟೇಪಿಗೂ ನಡುವೆ ಕೂದಲೆಳೆಯಷ್ಟು ಕೊಳೆ ಕೂತರೂ ಈ ಕೆಲಸ ಕೆಡುತ್ತದೆ. ಆದ್ದರಿಂದ ಐಸೋಪ್ರೊಪೈಲ್ ಆಲ್ಕೋಹಾಲ್, ಹತ್ತಿ, ಇವೇ ಮೊದಲ ಮದ್ದು. ಆಂಪೆಕ್ಸ್ 456ರಂಥ ಹಳೆಯ ಟೇಪುಗಳ ಅಂಟು ತೇವ ಹೀರಿ ಮೆತ್ತಗಾಗಿ ಹೆಡ್ಡಿಗೆ ಕಂದು ಕೆಸರು ಬಳಿಯುತ್ತದೆ. ಅಂಥ ಟೇಪಿಟ್ಟುಕೊಂಡು ಪರೀಕ್ಷೆ ಮಾಡಿದರೆ ಯಂತ್ರದ ಮೇಲೆ ಸುಳ್ಳು ಆರೋಪ ಹೊರಿಸಿದಂತಾಗುತ್ತದೆ.

ಒಳ್ಳೆಯ ಟೇಪು ಹಾಕಿ ನಾಲ್ಕೂ ಟ್ರ್ಯಾಕಿನಲ್ಲಿ ಬೇರೆ ಬೇರೆ ಸ್ವರ ತುಂಬು. ಆಮೇಲೆ ಇನ್‌ಪುಟ್ ಪೂರ್ತಿ ಇಳಿಸಿ ಒಂದೊಂದನ್ನೇ ಅಳಿಸಿ ಕೇಳು. ಸ್ವರಗಳು ಬೇರೆಯಾಗಿದ್ದರೆ ಕೇಳಿಸುತ್ತಿರುವುದು ಅದೇ ಟ್ರ್ಯಾಕಿನ ಉಳಿಕೆಯೋ ಪಕ್ಕದ ಟ್ರ್ಯಾಕಿನ ಸೋರಿಕೆಯೋ ಎಂಬ ಗೊಂದಲವಿರುವುದಿಲ್ಲ. ಈ ಒಂದು ಗೊಂದಲದಿಂದಲೇ ಎಷ್ಟೋ ಒಳ್ಳೆಯ ಹೆಡ್ಡುಗಳು ಕಸದ ಬುಟ್ಟಿ ಸೇರಿವೆ.

ನಾಲ್ಕೂ ಅಳಿಯುತ್ತಿಲ್ಲ, ಹೊಸ ರೆಕಾರ್ಡಿಂಗೂ ಸಣ್ಣಗೆ, ಒಡೆದೊಡೆದು ಬರುತ್ತಿದೆ ಅನ್ನು. ಆಗ ಆ ತಿರುಗುಮುರುಗಿನ ಕರೆಂಟು ಹುಟ್ಟಿಸುವ ಆಸಿಲೇಟರನ್ನು ಅನುಮಾನಿಸು. ಹೆಚ್ಚಿನ ಯಂತ್ರಗಳಲ್ಲಿ ರೆಕಾರ್ಡಿಂಗಿನ ಜೊತೆ ಬೆರೆಸುವ ಬಯಾಸ್‌ಗೂ ಎರೇಸಿಗೂ ಅದೊಂದೇ ಮೂಲ. ಒಂದು ಟ್ರ್ಯಾಕಿನಲ್ಲಿ ಹೊಸದು ಸ್ವಚ್ಛವಾಗಿದ್ದು ಹಳೆಯದೂ ಜೊತೆಗೆ ಕೇಳಿಸುತ್ತಿದ್ದರೆ ಆಸಿಲೇಟರ್ ಬದುಕಿದೆ, ಎರೇಸ್ ಹೆಡ್ಡಿಗೆ ಹೋಗುವ ದಾರಿ ಮಾತ್ರ ಕಡಿದಿದೆ. ಆ ಟ್ರ್ಯಾಕಿನ ಸ್ವಿಚ್ಚು, ಕನೆಕ್ಟರು, ಬೆಸುಗೆ ನೋಡು, ಹೆಡ್ಡಿನ ಸುರುಳಿಯನ್ನು ಕೊನೆಗೆ ನೋಡು. ಮಂದ್ರ ಮಾತ್ರ ಗುಂಯ್ ಅಂತ ಉಳಿದಿದ್ದರೆ ಕ್ಷೇತ್ರ ಸೊರಗಿದೆ, ಉದ್ದ ತರಂಗಗಳು ಸುಲಭಕ್ಕೆ ಅಳಿಯುವುದಿಲ್ಲ. ಇದೇ ಯಂತ್ರದಲ್ಲಿ ಬರೆದದ್ದು ಚೆನ್ನಾಗಿ ಅಳಿದು, ಬೇರೆಯವರ ಯಂತ್ರದ ಟೇಪು ಮಾತ್ರ ಅಳಿಯದಿದ್ದರೆ ಎರಡು ಯಂತ್ರಗಳ ಟ್ರ್ಯಾಕು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಆಗ ಹೆಡ್ಡಿನ ಎತ್ತರ ನೋಡಬೇಕು. ಅಳಿದ ಜಾಗದಲ್ಲಿ ಹಾಡಿಲ್ಲ, ಆದರೆ ಬುಸುಬುಸು ಹೆಚ್ಚಾಗಿದೆ ಅಂದರೆ ಯಾವುದೋ ಹೆಡ್ ಕಾಂತವಾಗಿರಬಹುದು. ಯಂತ್ರ ಆರಿಸಿ ಡಿಮ್ಯಾಗ್ನೆಟೈಸರ್ ಹಿಡಿ. ಅದನ್ನು ದೂರದಲ್ಲೇ ಹೊತ್ತಿಸಿ, ನಿಧಾನವಾಗಿ ಹತ್ತಿರ ತಂದು, ಅಷ್ಟೇ ನಿಧಾನವಾಗಿ ದೂರ ಒಯ್ದ ಮೇಲೆಯೇ ಆರಿಸಬೇಕು. ಮಲ್ಟಿಮೀಟರಿನಲ್ಲಿ ಹೆಡ್ಡಿನ ಓಮ್ ಅಳೆದರೂ ಅದು ಕಾಂತವಾಗಬಹುದು, ಅಳೆದ ಮೇಲೆ ಇದೇ ಉಪಚಾರ ಮಾಡು.

ಟ್ರಿಮ್ಮರ್ ತಿರುಗಿಸುವುದು ಕಟ್ಟಕಡೆಗೆ. ಅದೂ ಸರ್ವಿಸ್ ಮ್ಯಾನ್ಯುಯಲ್ ಎದುರಿಗಿಟ್ಟುಕೊಂಡು, ಮೊದಲಿದ್ದ ಜಾಗಕ್ಕೆ ಗುರುತು ಹಾಕಿದ ಮೇಲೆ. ನಾಲ್ಕೂ ಟ್ರ್ಯಾಕು ಸರಿಯಾಗಿ ಅಳಿಯುವವರೆಗೆ ಯಾರ ಮೂಲ ಟೇಪನ್ನೂ ಆ ಯಂತ್ರಕ್ಕೆ ಹಾಕಬೇಡ.