ಟ್ರಂಕಿನೊಳಗಿನ ಹೆಸರು

ಮಗಳೇ,

ಬಿಎಸ್‌ಸಿ ನರ್ಸಿಂಗ್ ಸೀಟು ಸಿಕ್ಕಿತಂತೆ, ಸಂತೋಷ. "ಫೀಸಿಗೆ ಹೇಗೋ ಆಗುತ್ತೆ ಭಾವ" ಅಂದಳು ನಿಮ್ಮಮ್ಮ. ಆ 'ಹೇಗೋ' ಅಂದರೆ ಕೈಸಾಲ ಅನ್ನುವುದು ಈ ದೊಡ್ಡಪ್ಪನಿಗೆ ತಿಳಿಯದ್ದೇನಲ್ಲ.

ವಿದ್ಯಾರ್ಥಿವೇತನಕ್ಕೆ ಯಾಕೆ ಅರ್ಜಿ ಹಾಕಬಾರದು ಎಂದು ನಿಮ್ಮಪ್ಪನನ್ನು ಕೇಳಿದೆ. "ನಾನು ಯಾರ ಮುಂದೂ ಕೈಚಾಚಿದವನಲ್ಲ, ಸುಬೇದಾರ್ ಸಾಬ್" ಅಂದ. ಹವಾಲ್ದಾರನ ಬಿಗುಮಾನ ಅದು, ಇರಲಿ. ಆದರೆ ಒಂದು ಮಾತು ಅವನಿಗೆ ನೀನೇ ಹೇಳು. ಮಾಜಿ ಸೈನಿಕರ ಮಕ್ಕಳಿಗೆ ಕೊಡುವ ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಹಣ ಬರುವುದು ರಾಷ್ಟ್ರೀಯ ರಕ್ಷಣಾ ನಿಧಿಯಿಂದ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಹುಟ್ಟಿದ ನಿಧಿ ಅದು. ಆಗ ಹೆಂಗಸರು ಮೈಮೇಲಿನ ಒಡವೆ ಬಿಚ್ಚಿಕೊಟ್ಟಿದ್ದರು. ಸಿಪಾಯಿಯ ಸಂಸಾರಕ್ಕೆಂದು ಊರೇ ಎತ್ತಿಟ್ಟ ಬುತ್ತಿ ಅದು. ಉಣ್ಣುವುದಕ್ಕೆ ನಾಚಿಕೆ ಯಾಕೆ?

ಲೆಕ್ಕ ಕೇಳು. ಹೆಣ್ಣುಮಕ್ಕಳಿಗೆ ತಿಂಗಳಿಗೆ 3,000 ರೂಪಾಯಿ, ಗಂಡುಮಕ್ಕಳಿಗೆ 2,500. ವರ್ಷದ ಮೊತ್ತ ಒಟ್ಟಿಗೇ ನಿನ್ನ ಖಾತೆಗೆ ಬರುತ್ತದೆ. ವರ್ಷಕ್ಕೆ 5,500 ಮಕ್ಕಳಿಗೆ, ಅದರಲ್ಲಿ ಅರ್ಧ ಹುಡುಗಿಯರಿಗೆ. ಪಿಯುಸಿಯಲ್ಲಿ ಶೇ. 60 ಇರಬೇಕು, ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಬಿ.ಇಡಿಯಂಥ ವೃತ್ತಿ ಕೋರ್ಸ್ ಆಗಿರಬೇಕು. ಮುಂದೆ ಪ್ರತಿ ವರ್ಷವೂ ಶೇ. 50 ತೆಗೆಯದಿದ್ದರೆ ನಿಂತುಹೋಗುತ್ತದೆ. ನಿನ್ನ ತಮ್ಮ ಬಿ.ಎ. ಓದುತ್ತೇನೆ ಅಂದರೆ ಇದು ಸಿಗದು. ಆದರೆ ಹವಾಲ್ದಾರ್ ದರ್ಜೆಯವರೆಗಿನವರ ಇಬ್ಬರು ಮಕ್ಕಳಿಗೆ ಪದವಿವರೆಗೆ ತಿಂಗಳಿಗೆ ತಲಾ 2,000 ರೂಪಾಯಿ ಕೊಡುವ ರಕ್ಷಾ ಮಂತ್ರಿ ನಿಧಿ ಬೇರೆ ಇದೆ.

ಅರ್ಜಿ ಹಾಕುವುದು ಕಷ್ಟವಲ್ಲ, ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲೇ ಹಾಕಬಹುದು. ಕಷ್ಟವಿರುವುದು ನಿಮ್ಮಪ್ಪನ ಕಪ್ಪು ಟ್ರಂಕಿನೊಳಗಿನ ಕಾಗದಗಳಲ್ಲಿ. ನನ್ನ ಮಗನ ಹೆಸರನ್ನು ನನ್ನ ಡಿಸ್ಚಾರ್ಜ್ ಪುಸ್ತಕದಲ್ಲಿ ಮನೆಯಲ್ಲಿ ಕರೆಯುವ ಹಾಗೇ ಬರೆಸಿದ್ದೆ. ಅಂಕಪಟ್ಟಿಯಲ್ಲಿದ್ದದ್ದು ಶಾಲೆಯ ಹೆಸರು. ಇಬ್ಬರೂ ಒಬ್ಬನೇ ಎಂದು ರುಜುವಾತು ಮಾಡುವಷ್ಟರಲ್ಲಿ ಅವನ ಮೊದಲ ವರ್ಷ ಮುಗಿದಿತ್ತು. ಮೊದಲ ವರ್ಷದಲ್ಲಿ ಹಾಕದ ಅರ್ಜಿಗೆ ಎರಡನೆಯ ವರ್ಷದಲ್ಲಿ ಬೆಲೆಯಿಲ್ಲ. ತಪ್ಪು ನನ್ನದೇ; ಸಾಲ ತೀರಿಸಿದವನು ಅವನು.

ಆದ್ದರಿಂದ ಇವತ್ತು ರಾತ್ರಿಯೇ ಅಪ್ಪನ ಜೊತೆ ಕೂತು ಟ್ರಂಕು ತೆಗೆ. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಅಂಕಪಟ್ಟಿ ನಾಲ್ಕನ್ನೂ ಸಾಲಾಗಿ ಇಟ್ಟು ನಿನ್ನ ಹೆಸರು, ಹುಟ್ಟಿದ ದಿನ ಅಕ್ಷರ ಅಕ್ಷರ ತಾಳೆ ನೋಡು. ಇನಿಷಿಯಲ್ಲೂ ಬಿಡಬೇಡ. ತಪ್ಪಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ. ಮಾಜಿ ಸೈನಿಕನ ಮಗಳೆಂಬ ಪ್ರಮಾಣಪತ್ರ ಕೊಡುವವರೂ ಅವರೇ.

ಇಷ್ಟಾಗಿಯೂ ಪಟ್ಟಿಯಲ್ಲಿ ಹೆಸರು ಬರದಿದ್ದರೆ ಮುಖ ಸಣ್ಣದು ಮಾಡಿಕೊಳ್ಳಬೇಡ. ಸಾಲಿನಲ್ಲಿ ಮೊದಲು ನಿಲ್ಲುವವರು ರಣರಂಗದಲ್ಲಿ ಅಪ್ಪನನ್ನು ಕಳೆದುಕೊಂಡ ಮಕ್ಕಳು. ಅವರ ಹಿಂದೆ, ಕೈಕಾಲು ಕಳೆದುಕೊಂಡವರ ಮಕ್ಕಳು. ನಿನ್ನ ಸರದಿ ಎಲ್ಲರಿಗಿಂತ ಹಿಂದೆ. ನಿಮ್ಮಪ್ಪ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದನಲ್ಲ, ಅದಕ್ಕೆ.

ನಿನ್ನ ದೊಡ್ಡಪ್ಪ