ಬೆನ್ನು ನೆಲಕ್ಕೆ ತಾಗಿದ ಮೇಲೆ

ಪ್ರಶ್ನೆ: ನನ್ನ ಮಗ ಬೆಂಗಳೂರಿನಲ್ಲಿ ಆಫೀಸು ಮುಗಿಸಿಕೊಂಡು ಸಂಜೆ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸಿಗೆ ಹೋಗುತ್ತಾನೆ. ಅಲ್ಲಿ ಗೋಡೆಯ ಮೇಲೆ ಎಲಿಯೊ ಗ್ರೇಸಿ ಎಂಬ ವೃದ್ಧರ ಫೋಟೊ ಇದೆಯಂತೆ. ವಿದ್ಯೆ ಜಪಾನಿನದು, ಹೆಸರಲ್ಲಿ ಬ್ರೆಜಿಲ್, ಫೋಟೊದಲ್ಲಿರುವವರ ಮೂಲ ಸ್ಕಾಟ್ಲೆಂಡ್! ಒಂದೇ ಮನೆತನ ಇಡೀ ವಿದ್ಯೆಯನ್ನು ಕಟ್ಟಿತು ಅನ್ನುವುದು ನಿಜವೇ? ಹಳೇ ಪೈಲ್ವಾನರಾದ ನಮ್ಮ ತಂದೆ ಮೊಬೈಲಿನಲ್ಲಿ ಒಂದು ಪಂದ್ಯ ನೋಡಿ, ‘ಕೆಳಗಿರೋನು ಆಗಲೇ ಚಿತ್ ಆಗಿದಾನಲ್ಲೋ, ಇನ್ನೂ ಯಾಕೆ ಬಿಡಿಸ್ತಿಲ್ಲ?’ ಅಂದರು.
— ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ತಂದೆಯವರ ಪ್ರಶ್ನೆಯಲ್ಲೇ ಉತ್ತರದ ಮುಕ್ಕಾಲು ಪಾಲು ಇದೆ. ನಮ್ಮ ಗರಡಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು. ಗ್ರೇಸಿ ಮನೆಯವರು ಮಾಡಿದ ದೊಡ್ಡ ಕೆಲಸ ಅಂದರೆ, ಅಲ್ಲಿಗೆ ಮುಗಿಯಿತು ಅನ್ನುವುದನ್ನು ಒಪ್ಪದೇ ಹೋದದ್ದು.

ಪಟ್ಟುಗಳು ಅವರವಲ್ಲ. ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ಎಂಬ ಜುಡೊ ಶಾಲೆ ತೆರೆದರು. ಅಲ್ಲಿ ಪಳಗಿದ ಮಿತ್ಸುಯೊ ಮಾಯೆದ ಊರೂರು ಸುತ್ತಿ ದುಡ್ಡಿಗೆ ಕಾದಾಡುತ್ತಾ 1914ರಲ್ಲಿ ಬ್ರೆಜಿಲ್ ತಲುಪಿ, ಆಮೇಲೆ ಅಮೆಜಾನ್ ಮುಖದ ಬೆಲೆಂ ಪಟ್ಟಣದಲ್ಲಿ ನೆಲೆನಿಂತ. ಜುಡೊ ಎಂಬ ಹೆಸರು ಇನ್ನೂ ಹೊರಗೆ ಬಳಕೆಗೆ ಬಂದಿರಲಿಲ್ಲ. ಜನ ಅದನ್ನು ಜಿಯು-ಜಿತ್ಸು ಎಂದೇ ಕರೆಯುತ್ತಿದ್ದರು. ಆ ಹಳೇ ಹೆಸರೇ ಬ್ರೆಜಿಲಿನಲ್ಲಿ ಉಳಿದುಕೊಂಡಿತು. ಅದೇ ಊರಿನ ವ್ಯಾಪಾರಿ ಗಸ್ತಾಂವ್ ಗ್ರೇಸಿಯ ಹಿರಿಮಗ, 1902ರಲ್ಲಿ ಹುಟ್ಟಿದ ಪುಂಡ ಹುಡುಗ ಕಾರ್ಲೊಸ್, 1917ರ ಸುಮಾರಿಗೆ ಮಾಯೆದನ ಬಳಿ ಕಲಿಯತೊಡಗಿದ. ಕಲಿತದ್ದು ಕೆಲವೇ ವರ್ಷ. ಆಮೇಲೆ ಕುಟುಂಬ ರಿಯೊಗೆ ಬಂತು. ಅಲ್ಲಿ 1925ರಲ್ಲಿ ಅಕಾಡೆಮಿ ಶುರುವಾಯಿತು ಎಂಬುದು ಮನೆಯವರ ಲೆಕ್ಕ.

ಫೋಟೊದಲ್ಲಿರುವ ಎಲಿಯೊ, ಕಾರ್ಲೊಸನಿಗಿಂತ ಹನ್ನೊಂದು ವರ್ಷ ಚಿಕ್ಕ ತಮ್ಮ. ಮೈಯಲ್ಲಿ ಕಸುವಿಲ್ಲದ ಹುಡುಗ, ಮೂಲೆಯಲ್ಲಿ ಕೂತು ಅಣ್ಣಂದಿರ ಪಾಠ ನೋಡಿಯೇ ಕಲಿತ, ಬಲದ ಬದಲು ಸನ್ನೆಗೋಲಿನ ಲೆಕ್ಕದಲ್ಲಿ ಪಟ್ಟುಗಳನ್ನು ತಿದ್ದಿದ ಎಂದು ಕತೆ. ನನಗೆ ಇದು ಸ್ವಲ್ಪ ಹೆಚ್ಚೇ ಓರಣವಾಗಿ ಕಾಣುತ್ತದೆ. ಮನೆತನಗಳು ತಮ್ಮ ಕತೆಯನ್ನು ತಾವೇ ಹೇಳುವಾಗ ಹೀಗೇ ಆಗುವುದು. ಆದರೆ ಜುಡೊ ಎತ್ತಿ ಒಗೆಯುವುದಕ್ಕೇ ಹೆಚ್ಚು ಬೆಲೆ ಕೊಡುತ್ತಾ ಹೋದ ಕಾಲದಲ್ಲಿ, ಈ ಅಣ್ಣತಮ್ಮಂದಿರು ಒಗೆಸಿಕೊಂಡವನಿಗೆ ಮುಂದೇನು ದಾರಿ ಎಂದು ಯೋಚಿಸುತ್ತಿದ್ದರು. ಅಂಗಾತ ಬಿದ್ದವನು ಎರಡೂ ಕಾಲನ್ನು ಮೇಲಿನವನ ಸೊಂಟಕ್ಕೆ ಬಿಗಿದು ಹಿಡಿಯುವ ‘ಗಾರ್ಡ್’ ಇಂದು ಆ ವಿದ್ಯೆಯ ಎದೆಗುಂಡಿಗೆ. ನಿಮ್ಮ ಮಗ ಮಲಗಿದ್ದರೆ ಸೋತಿದ್ದಾನೆ ಅಂದುಕೊಳ್ಳಬೇಡಿ, ಹೊಂಚು ಹಾಕುತ್ತಿದ್ದಾನೆ.

ಇನ್ನೊಂದು, ಅವರು ಸೋಲನ್ನೂ ಬಿಸಾಡಲಿಲ್ಲ. 1951ರ ಅಕ್ಟೋಬರ್ 23ರಂದು ರಿಯೊದ ಮರಕನಾ ಕ್ರೀಡಾಂಗಣದಲ್ಲಿ 38 ವರ್ಷದ ಎಲಿಯೊ, ಜಪಾನಿನ ಜುಡೊ ಜಗಜಟ್ಟಿ ಮಸಾಹಿಕೊ ಕಿಮುರಾ ಎದುರು ನಿಂತ. ಕಿಮುರಾ ಅವನ ಮಣಿಕಟ್ಟು ಹಿಡಿದು, ತನ್ನ ಇನ್ನೊಂದು ಕೈಯನ್ನು ಅವನ ತೋಳಿನಡಿ ತೂರಿಸಿ ಬೀಗ ಹಾಕಿ, ತೋಳನ್ನು ಬೆನ್ನ ಹಿಂದಕ್ಕೆ ತಿರುಚಿದ. ಎಲಿಯೊ ಕೈಬಡಿದು ಸೋಲೊಪ್ಪಲಿಲ್ಲ. ತಮ್ಮನ ತೋಳಿಗಾಗಿ ಕಾರ್ಲೊಸನೇ ಟವೆಲು ಎಸೆದ. ಆ ಪಟ್ಟಿಗೆ ಜಪಾನಿನಲ್ಲಿ ಬೇರೆಯೇ ಹೆಸರಿದೆ. ಈ ವಿದ್ಯೆಯವರು ಮಾತ್ರ ಗೆದ್ದವನ ಹೆಸರಲ್ಲೇ ಅದನ್ನು ‘ಕಿಮುರಾ’ ಎಂದು ಕರೆಯುತ್ತಾರೆ. ಮಗನನ್ನು ಕೇಳಿ, ಈ ವಾರವೂ ಒಮ್ಮೆಯಾದರೂ ಹಾಕಿಸಿಕೊಂಡಿರುತ್ತಾನೆ. 1955ರಲ್ಲಿ ಹಳೇ ಶಿಷ್ಯ ವಲ್ದೆಮಾರ್ ಸಂತಾನ ಎದುರು ಎಲಿಯೊ ಮೂರೂವರೆ ಗಂಟೆಗೂ ಹೆಚ್ಚು ಕಾದಾಡಿ ಸೋತ. ಮುಯ್ಯಿ ತೀರಿಸಿದ್ದು ಕಾರ್ಲೊಸನ ಮಗ ಕಾರ್ಲ್ಸನ್. ಒಬ್ಬ ಸೋತರೆ ಇನ್ನೊಬ್ಬ ಇದ್ದೇ ಇರುತ್ತಿದ್ದ. ಇರದೆ ಏನು, ಕಾರ್ಲೊಸನಿಗೆ 21 ಮಕ್ಕಳು, ಎಲಿಯೊಗೆ 9!

ಕಾರ್ಲೊಸನಿಗೆ ಅಕ್ಷರಗಳ ಶಕ್ತಿಯಲ್ಲಿ ನಂಬಿಕೆ. ಹಾಗಾಗಿ ಮನೆಯಲ್ಲಿ ರೋರಿಯನ್, ರಿಕ್ಸನ್, ರಾಯ್ಸ್, ರೋಲ್ಸ್ ಎಂದು ರಕಾರದ ಸಾಲು. ತಮಾಷೆ ನೋಡಿ, ಪೋರ್ಚುಗೀಸಿನಲ್ಲಿ ಮೊದಲ ರ, ಹಕಾರದ ಹಾಗೆ ಕೇಳುತ್ತದೆ. ಹಳಗನ್ನಡದ ಪಾಲು ನಮ್ಮ ಬಾಯಲ್ಲಿ ಹಾಲಾದಂತೆ, ಅವರ ಬಾಯಲ್ಲಿ ರಾಯ್ಸ್ ‘ಹೋಯ್ಸ್’ ಆಗುತ್ತಾನೆ.

ಇವರಲ್ಲಿ ನನಗೆ ಮೆಚ್ಚುಗೆ ರೋಲ್ಸ್ ಮೇಲೆ. ಮನೆಯ ವಿದ್ಯೆಯೇ ಪೂರ್ಣ ಎಂದು ಕೂರದೆ ಕುಸ್ತಿ, ರಷ್ಯದ ಸಾಂಬೊ ಎಲ್ಲವನ್ನೂ ತಂದು ಬೆರೆಸಿದ. 1982ರಲ್ಲಿ ಹ್ಯಾಂಗ್ ಗ್ಲೈಡರ್ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ 31.

ಎಲ್ಲವೂ ಇವರದೇ ಅನ್ನಬೇಡಿ. ರಿಯೊದ ಹೊರವಲಯದಲ್ಲಿ ಬಡವರಿಗೆ ಕಲಿಸುತ್ತಿದ್ದ ಒಸ್ವಾಲ್ದೊ ಫದ್ದಾ ಈ ಮನೆತನದವನಲ್ಲ. 1950ರ ದಶಕದಲ್ಲಿ ಅವನ ಶಿಷ್ಯರು ಗ್ರೇಸಿ ಅಕಾಡೆಮಿಗೆ ಸವಾಲು ಹಾಕಿ ಸೋಲಿಸಿದರು, ಅದೂ ಗ್ರೇಸಿಗಳು ಕೀಳಾಗಿ ಕಾಣುತ್ತಿದ್ದ ಕಾಲಿನ ಪಟ್ಟುಗಳಿಂದ. ಆದರೆ ಫದ್ದಾನ ಫೋಟೊ ಗೋಡೆಗೆ ಬರಲಿಲ್ಲ. ಪತ್ರಿಕೆಗಳಲ್ಲಿ ಸವಾಲು ಹಾಕಿ ಹೆಸರು ಬೆಳೆಸುವ ಕಲೆ ಗ್ರೇಸಿಗಳಿಗೇ ಸಿದ್ಧಿಸಿದ್ದು.

ಅದರ ಕೊನೆಯ ಜಾಹೀರಾತು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರಿನಲ್ಲಿ. ವಲಸೆ ಹೋಗಿ ಗ್ಯಾರೇಜಿನಲ್ಲಿ ಪಾಠ ಶುರುಮಾಡಿದ್ದ ರೋರಿಯನ್, ಬೇರೆಬೇರೆ ವಿದ್ಯೆಯವರನ್ನು ಒಂದೇ ಪಂಜರದೊಳಗೆ ಬಿಡುವ ಯುಎಫ್‌ಸಿ ಪಂದ್ಯಾವಳಿಯನ್ನು ಕೆಲವರೊಡನೆ ಸೇರಿ ಹುಟ್ಟುಹಾಕಿದ. ಮನೆಯ ಹುಲಿ ರಿಕ್ಸನ್‌ನನ್ನು ಬಿಟ್ಟು, ಸುಮಾರು 80 ಕಿಲೊ ತೂಕದ ತೆಳು ಹುಡುಗ ರಾಯ್ಸ್‌ನನ್ನು ಇಳಿಸಿದ. ಜಾಣತನ! ದಾಂಡಿಗ ಗೆದ್ದರೆ ಯಾರು ತಿರುಗಿ ನೋಡುತ್ತಾರೆ? ರಾಯ್ಸ್ ಅಂದು ಮೂವರನ್ನು ಮಣಿಸಿದ, ಮೂರೂ ಕಾಳಗ ಸೇರಿ ಐದು ನಿಮಿಷ ದಾಟಲಿಲ್ಲ. ಮರುದಿನದಿಂದ ಎಲ್ಲರಿಗೂ ಈ ವಿದ್ಯೆ ಬೇಕಾಯಿತು. ‘ಗ್ರೇಸಿ’ ಹೆಸರು ಯಾರ ಸ್ವತ್ತು ಎಂದು ದಾಯಾದಿಗಳು ಕೋರ್ಟಿಗೂ ಹೋದರು. ಆ ಜಗಳದ ಸಹವಾಸ ಬೇಡವೆಂದು ಉಳಿದವರು ‘ಬ್ರೆಜಿಲಿಯನ್’ ಎಂದು ಬೋರ್ಡು ಹಾಕಿಕೊಂಡರು. ನಿಮ್ಮ ಮಗನ ಕ್ಲಾಸಿನ ಹೆಸರು ರೂಢಿಗೆ ಬಂದದ್ದು ಹೀಗೆ.

ತಂದೆಯವರಿಗೆ 1994ರ ಡಿಸೆಂಬರಿನ ರಾಯ್ಸ್–ಡ್ಯಾನ್ ಸೆವರ್ನ್ ಕಾಳಗ ತೋರಿಸಿ. ಸೆವರ್ನ್ ಸುಮಾರು 118 ಕಿಲೊದ ಕುಸ್ತಿಪಟು. ರಾಯ್ಸ್‌ನನ್ನು ಕೆಡವಿ, ಬೇಲಿಗೆ ಒತ್ತಿ, ಮೇಲೇ ಕೂತುಬಿಡುತ್ತಾನೆ. ಹತ್ತು ನಿಮಿಷ, ಹದಿನೈದು ನಿಮಿಷ, ಏನೂ ಆಗುವುದಿಲ್ಲ. ಎಷ್ಟೋ ಮನೆಗಳಲ್ಲಿ ದುಡ್ಡು ಕೊಟ್ಟು ನೋಡುತ್ತಿದ್ದವರಿಗೆ ಅಷ್ಟರಲ್ಲಿ ಪ್ರಸಾರದ ಹೊತ್ತು ಮೀರಿ ಟೀವಿಯೇ ಕೈಕೊಟ್ಟಿತ್ತು. ಮುಂದಿನ ಪಂದ್ಯಾವಳಿಯಿಂದ ಕಾಲಮಿತಿ ತಂದದ್ದು ಇದೇ ಕಾರಣಕ್ಕೆ. ಪೈಲ್ವಾನರು ನಡುವೆ ನಾಲ್ಕು ಸಲವಾದರೂ ‘ಚಿತ್ ಆಯ್ತಲ್ಲೋ’ ಅಂದಾರು. ಅನ್ನಲಿ, ನೀವು ಮಾತಾಡಬೇಡಿ. ಹದಿನೈದನೇ ನಿಮಿಷ ಕಳೆದ ಮೇಲೆ ರಾಯ್ಸ್‌ನ ಕಾಲುಗಳನ್ನು ನೋಡುತ್ತಿರಲು ಮಾತ್ರ ಹೇಳಿ. ಒಂದು ಕಾಲು ಸೆವರ್ನ್‌ನ ಕತ್ತಿನ ಮೇಲೆ ಬರುತ್ತದೆ, ಇನ್ನೊಂದು ಅದರ ಪಾದವನ್ನು ಮಂಡಿಯೊಳಗೆ ಸಿಕ್ಕಿಸಿಕೊಳ್ಳುತ್ತದೆ. ಮೇಲಿದ್ದವನ ಕೈ ನೆಲ ಬಡಿಯುತ್ತದೆ.